ಕೆಂಪು ಸಾಲು, ನೀಲಿ ಸಾಲು

ಆ ತೋಟದ ಮರಗಳಿಗೆಲ್ಲ ಸುಣ್ಣ ಬಳಿಯಿರಿ ಎಂದು ಹೇಳಿದವನು ನಾನೇ. ತಪ್ಪನ್ನು ಬೇರೆ ಯಾರ ಮೇಲೂ ಹಾಕುವಂತಿಲ್ಲ. ಟಿಪ್ಪಣಿ ನನ್ನ ಕೈಬರಹದ್ದು, ಸಹಿ ನನ್ನದು. ಬಳಿದಾದ ಮೇಲೆ ಸಾಲಾಗಿ ನಿಂತ ಬಿಳಿ ಕಾಂಡಗಳನ್ನು ನೋಡಿ "ಈಗ ಒಂದು ಲಕ್ಷಣ ಬಂತು ನೋಡ್ರಿ" ಅಂದವನೂ ನಾನೇ.

ನಾನು ನಾಗಪುರದ ಒಂದು ವಿಶ್ವವಿದ್ಯಾಲಯದ ಆಸ್ತಿ ವಿಭಾಗದಲ್ಲಿದ್ದೇನೆ. ಹೆಸರಿಗಷ್ಟೇ ಆಸ್ತಿ, ಸೋರುವ ಹಾಸ್ಟೆಲು, ಕುಸಿದ ಕಾಂಪೌಂಡು, ಯಾರೋ ಒತ್ತುವರಿ ಮಾಡಿಕೊಂಡ ಮೂಲೆ, ಇವುಗಳ ಫೈಲು ಹೊತ್ತುಕೊಂಡು ಮೇಲಿನ ಮಹಡಿಗೂ ಕೆಳಗಿನ ಮಹಡಿಗೂ ಓಡಾಡುವ ಕೆಲಸ. ನಿವೃತ್ತಿಗೆ ನಾಲ್ಕೇ ವರ್ಷ ಉಳಿದಿದ್ದಾಗ ಹಳ್ಳಿಯಲ್ಲಿ ಜಮೀನು ಕೊಳ್ಳುವ ಫೈಲು ನನ್ನ ಮೇಜಿಗೆ ಬಂದು ಕೂತಿತು. ಬೇಡ ಅನ್ನುವ ಹಾಗಿರಲಿಲ್ಲ.

ಜಮೀನು ಬೇಕಾಗಿದ್ದು ಭೂಮಿಯ ಕಾಂತಶಕ್ತಿಯನ್ನು ಹಗಲಿರುಳು ಅಳೆಯುವ ಒಂದು ಸಂಶೋಧನಾ ಕೇಂದ್ರಕ್ಕೆ. ಅದರ ಹೊಣೆ ಹೊತ್ತ ಪ್ರೊಫೆಸರು ಮೈಸೂರಿನವರು. ನಾನು ವಿಜಯಪುರದ ಕಡೆಯವನು. ಇಡೀ ಕ್ಯಾಂಪಸ್ಸಿನಲ್ಲಿ ಕನ್ನಡ ಮಾತಾಡಲು ಸಿಗುತ್ತಿದ್ದವರು ನಾವಿಬ್ಬರೇ ಆದ್ದರಿಂದ ಹತ್ತಿರವಾಗಿದ್ದೆವು. ನನ್ನ ಕನ್ನಡ ಅವರಿಗೆ ತಮಾಷೆ, ಅವರ ಕನ್ನಡ ನನಗೆ ತಮಾಷೆ. ಅವರ ಉಪಕರಣಗಳು ಬಹಳ ವರ್ಷ ಕ್ಯಾಂಪಸ್ಸಿನ ಮೂಲೆಯ ಒಂದು ಕೋಣೆಯಲ್ಲೇ ಇದ್ದವು. ಊರು ಬೆಳೆದು, ಹತ್ತಿರದಲ್ಲೇ ಮೆಟ್ರೋ ಓಡಲು ಶುರುವಾದ ಮೇಲೆ ಅವು ಎಳೆಯುವ ಗೆರೆ ಒಂದು ಕಡೆ ನಿಲ್ಲದಾಯಿತು.

"ಭೂಮಿ ಬಹಳ ಮೆಲ್ಲಗೆ ಮಾತಾಡುತ್ತೆ ಸಾರ್," ಎಂದು ಪ್ರೊಫೆಸರು ನನಗೆ ತಿಳಿಯುವ ಹಾಗೆ ಹೇಳಿದ್ದರು. "ಪಕ್ಕದಲ್ಲಿ ಕಬ್ಬಿಣ ಓಡಾಡಿದ್ರೆ ನಮಗೆ ಬರೀ ಕಬ್ಬಿಣದ ಮಾತೇ ಕೇಳ್ಸುತ್ತೆ. ನನಗೆ ರೈಲು, ಫ್ಯಾಕ್ಟರಿ, ದೊಡ್ಡ ಕರೆಂಟ್ ಲೈನು ಯಾವುದೂ ಇಲ್ಲದ ಜಾಗ ಕೊಡ್ಸಿ."

ಅಂಥ ಜಾಗ ಹುಡುಕುವುದೇ ಒಂದು ವರ್ಷದ ಕೆಲಸವಾಯಿತು. ಹಿಂಗಣಾದ ಆಚೆ ಒಂದು ಬಂಜರು ತೋರಿಸಿದೆ. ಕಾರ್ಖಾನೆಗಳ ಸದ್ದು ನಮಗೆ ಕೇಳದಷ್ಟು ದೂರವಿದ್ದರೂ ಅವರ ಪೆಟ್ಟಿಗೆಗೆ ಕೇಳಿತು. ಕನ್ಹಾನ್ ಹೊಳೆಯ ಕಡೆ ಇನ್ನೊಂದು ತೋರಿಸಿದೆ, ಅಲ್ಲಿ ರೈಲು. ಕೊನೆಗೆ ಕಾಟೋಲ್ ರಸ್ತೆಯಿಂದ ಒಳಕ್ಕೆ, ಕಿತ್ತಳೆ ತೋಟಗಳ ನಡುವೆ, ಒಂದು ಹಳ್ಳಿಯ ಗುಡ್ಡದ ಬುಡದಲ್ಲಿ ಅವರ ಗೆರೆ ನೆಟ್ಟಗೆ ನಿಂತಿತು. ಗುಡ್ಡದ ಇಳಿಜಾರು ಉಳುಮೆಯಿಲ್ಲದೆ ಪಡ ಬಿದ್ದ ನೆಲ. ಅದರ ಕೆಳಗೆ ಕೆಲವು ಹೊಲ. ಅಂಚಿನಲ್ಲಿ ಒಂದು ಕಿತ್ತಳೆ ತೋಟ. ಎಲ್ಲ ಸೇರಿದರೆ ನಕ್ಷೆಗೆ ಬೇಕಾದಷ್ಟು ಜಾಗ. ಸರ್ಕಾರ ಬಲವಂತದಿಂದ ವಶಪಡಿಸಿಕೊಳ್ಳುವ ಬಗೆಯದಲ್ಲ ಇದು. ವಿಶ್ವವಿದ್ಯಾಲಯ ನೇರವಾಗಿ ರೈತರ ಸಮ್ಮತಿ ಪಡೆದು ಕೊಳ್ಳಬೇಕು. ಅಂದರೆ ಪ್ರತಿ ತುಂಡಿಗೂ ಒಬ್ಬ ಹಿಡುವಳಿದಾರ, ಅವನ ಸಮ್ಮತಿ ಪತ್ರ, ಜಂಟಿ ಮೋಜಣಿ, ಮರ ಬಾವಿಗಳ ಪಟ್ಟಿ, ಬೆಲೆ ನಿಗದಿ, ಕಡೆಗೆ ಖರೀದಿ ಪತ್ರ. ಒಂದು ಮೆಟ್ಟಿಲು ತಪ್ಪಿದರೆ ಮತ್ತೆ ಮೊದಲಿನಿಂದ ಹತ್ತಬೇಕು.

ಜಾಗದ ಪರೀಕ್ಷೆ ತಿಂಗಳುಗಟ್ಟಲೆ ನಡೆಯಿತು. ಪ್ರೊಫೆಸರು ಮತ್ತವರ ಸಂಶೋಧಕರು ಅಲ್ಯುಮಿನಿಯಂ ಕೋಲಿಗೆ ಉಪಕರಣ ಕಟ್ಟಿಕೊಂಡು ಹೆಜ್ಜೆ ಎಣಿಸುತ್ತ ನಡೆಯುವರು. ಅದಕ್ಕೂ ಮೊದಲು ಬೇವಿನ ಮರದ ಕೆಳಗೆ ಎಲ್ಲರೂ ಬೆಲ್ಟು, ಕೀಲಿಕೈ, ಮೊಬೈಲು, ಗಡಿಯಾರ ಕಳಚಿಡಬೇಕು. ಮೊದಲ ದಿನ ನಾನೂ ಶ್ರದ್ಧೆಯಿಂದ ಎಲ್ಲ ಕಳಚಿಟ್ಟು ಹಿಂದೆ ಹೊರಟೆ. ಪ್ರೊಫೆಸರು ತಿರುಗಿ ನಿಂತರು.

"ಸಾರ್, ನಿಮ್ಮ ಮೊಣಕಾಲಲ್ಲಿ ಪ್ಲೇಟ್ ಇದೆಯಲ್ವಾ?"

ಸ್ಕೂಟರಿನಿಂದ ಬಿದ್ದಾಗ ಹಾಕಿಸಿದ್ದು. ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲ ಎಂದು ಡಾಕ್ಟರು ಹೇಳಿದ್ದರು. ಹಾಗೆಂದೆ.

"ಇರ್ಬಹುದು ಸಾರ್. ಆದ್ರೂ ನೀವು ಆ ತೋಟದ ಹತ್ರ ಕೂತಿರಿ. ನಾಳೆ ಗೆರೆ ಸೊಟ್ಟಗೆ ಬಂದ್ರೆ ನಾನು ನಿಮ್ಮ ಕಾಲನ್ನೇ ಅನುಮಾನಿಸ್ಬೇಕಾಗುತ್ತೆ."

ಹೀಗೆ ನನ್ನನ್ನು ಅಸ್ಪೃಶ್ಯನ ಹಾಗೆ ದೂರವಿಟ್ಟದ್ದರಿಂದ ನಾನು ಆ ಕಿತ್ತಳೆ ತೋಟದ ಅಂಚಿನಲ್ಲಿ ಎಷ್ಟೋ ದಿನ ಕೂತೆ. ಅಲ್ಲಿಯೇ ಆಕೆಯ ಪರಿಚಯವಾದದ್ದು.

ನಲವತ್ತೈದರ ಆಸುಪಾಸಿನ ಹೆಂಗಸು. ಗಂಡ ತೀರಿಕೊಂಡು ಆರೇಳು ವರ್ಷವಾಗಿತ್ತು. ಗಂಡನ ಅಣ್ಣನ ಮನೆ ಮತ್ತು ಆಕೆಯ ಮನೆ ಒಂದೇ ಅಂಗಳಕ್ಕೆ ಬಾಗಿಲು ತೆರೆದಿದ್ದವು. ತೋಟದಲ್ಲಿ ಆಕೆ ಆಳಿನ ಜೊತೆ ಆಳಾಗಿ ಪಾತಿ ಮಾಡುತ್ತ, ಒಣ ಕಡ್ಡಿ ಕತ್ತರಿಸುತ್ತ ಇರುತ್ತಿದ್ದಳು. ಮೂರನೆಯ ದಿನ ತಾನಾಗಿಯೇ ಚಹಾ ತಂದು ಕೊಟ್ಟಳು. ಆಕೆಯದು ಅಪ್ಪಟ ವರ್ಹಾಡಿ ಮರಾಠಿ. ನಾಗಪುರಕ್ಕೆ ಬಂದ ಮೊದಲ ದಿನದಿಂದಲೂ ಆ ಮಾತಿನ ಧಾಟಿ ನನ್ನ ಕಿವಿಗೆ ನಮ್ಮೂರಿನ ಕನ್ನಡದ ಹಾಗೇ ಬೀಳುತ್ತದೆ. ಆದ್ದರಿಂದ ಇಲ್ಲಿ ಆಕೆಯ ಮಾತನ್ನೂ ಆ ಊರಿನವರ ಮಾತನ್ನೂ ನಮ್ಮೂರಿನ ಕನ್ನಡದಲ್ಲೇ ಬರೆಯುತ್ತೇನೆ. ಬೇರೆ ಕನ್ನಡದಲ್ಲಿ ಅವರು ನನಗೆ ನೆನಪಾಗುವುದಿಲ್ಲ.

"ನಿಮ್ಮನ್ನ್ಯಾಕ ಹೊರಗ ಕುಂದರಿಸ್ಯಾರ ಸಾಹೇಬ್ರ?"

"ಕಾಲಾಗ ಕಬ್ಬಣ ಐತಿ ತಾಯಿ."

ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಮೇಲೆ ಅದು ನಮ್ಮ ದಿನದ ಮಾತಾಯಿತು. ಚಹಾ ಕೊಡುವಾಗ "ಕಬ್ಬಣದ ಸಾಹೇಬ್ರಿಗೆ ಸಕ್ಕರಿ ಎಷ್ಟು?" ಅನ್ನುವಳು. ಮೃಗಶಿರಾ ಮಳೆಗೆ ಹೂ ಬಿಡಿಸಲು ಮರವನ್ನು ಹೇಗೆ ನೀರಿಲ್ಲದೆ ಒಣಗಿಸಬೇಕು, ಬೇರು ಕೊಳೆತ ಮರ ಹೇಗೆ ಮೊದಲು ಎಲೆಯ ನಡುನರದಲ್ಲಿ ಹಳದಿ ತೋರಿಸುತ್ತದೆ, ಎಲ್ಲ ಹೇಳುವಳು. ನಾನು ಹೂಂಗುಡುತ್ತ ಫೈಲು ನೋಡುವೆ. ನನ್ನ ಎದುರಿಗೇ ಮರಗಳ ಕಾಂಡಕ್ಕೆ ನೆಲದಿಂದ ಸೊಂಟದೆತ್ತರ ಬಣ್ಣ ಬಳಿದಿತ್ತು. ಒಂದು ಸಾಲಿಗೆ ಕೆಮ್ಮಣ್ಣಿನ ಕೆಂಪು, ಪಕ್ಕದ ಸಾಲಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ನೀಲಿ, ಮತ್ತೆ ಕೆಂಪು, ಮತ್ತೆ ನೀಲಿ. ರೋಗ ಬಾರದಿರಲೆಂದು ಕಿತ್ತಳೆಗೆ ಹಾಗೆ ಬಳಿಯುತ್ತಾರೆ ಎಂದು ನನಗೆ ಗೊತ್ತಿತ್ತು. ಒಂದೇ ತೋಟಕ್ಕೆ ಎರಡು ಬಣ್ಣ ಏಕೆ ಎಂದು ಒಮ್ಮೆಯೂ ಕೇಳಲಿಲ್ಲ.

ಊರಿನ ಭೂದಾಖಲೆ ಇಡುವ ಪಟವಾರಿಯ ಕಚೇರಿಯಿಂದ ತಂದ ಸಾತಬಾರಾದಲ್ಲಿ, ಅಂದರೆ ನಮ್ಮ ಪಹಣಿಯಂಥ ಪತ್ರದಲ್ಲಿ, ಇಡೀ ತೋಟಕ್ಕೆ ಒಂದೇ ಹೆಸರಿತ್ತು: ಆಕೆಯ ಭಾವನದು. ಅವರು ಸಮ್ಮತಿ ಪತ್ರಕ್ಕೆ ಮೊದಲ ಸಲಕ್ಕೇ ಸಹಿ ಹಾಕಿದ್ದರು. ಮೆತ್ತಗಿನ, ಕಡಿಮೆ ಮಾತಿನ ಮನುಷ್ಯ. ನನ್ನ ಪಟ್ಟಿಯಲ್ಲಿ ತೊಂದರೆಯಿಲ್ಲದ ತುಂಡು ಎಂದು ಗುರುತು ಹಾಕಿಕೊಂಡಿದ್ದೆ. ಗುಡ್ಡದ ಕಡೆಯ ಹಿಡುವಳಿದಾರರಲ್ಲೇ ಒಬ್ಬರು ಪುಣೆಯಲ್ಲಿ, ಒಬ್ಬರು ಎಲ್ಲಿದ್ದಾರೋ ತಿಳಿಯದು. ಅವರ ಹಿಂದೆ ಅಲೆದು ನಾನು ಹೈರಾಣಾಗಿದ್ದೆ. ಈ ತೋಟ ನನಗೆ ವಿಶ್ರಾಂತಿಯ ಜಾಗವಾಗಿತ್ತು.

ಜಂಟಿ ಮೋಜಣಿಯ ದಿನ ಗೊತ್ತಾಯಿತು. ಆ ದಿನ ಸರ್ಕಾರಿ ಭೂಮಾಪಕರು, ಪಟವಾರಿ, ಪಂಚರು, ಹಿಡುವಳಿದಾರರು ಎಲ್ಲ ಸೇರಿ ಗಡಿ ಅಳೆದು, ಮರ ಎಣಿಸಿ, ಯಾರದು ಏನು ಎಂದು ಬರೆದು ಸಹಿ ಮಾಡಬೇಕು. ಆಮೇಲೆ ಅದೇ ಆಧಾರ. ಹಿಂದಿನ ಒಂದು ಫೈಲಿನಲ್ಲಿ ಮರದ ಎಣಿಕೆ ತಾಳೆಯಾಗದೆ ಆಡಿಟ್ಟಿನವರು ನನ್ನನ್ನು ಗೋಳು ಹೊಯ್ದುಕೊಂಡಿದ್ದರು. ಈ ಸಲ ಹಾಗಾಗಬಾರದೆಂದು ಪ್ರತಿ ಮರಕ್ಕೂ ಮೊದಲೇ ನಂಬರು ಹಾಕಿಸಿ ಫೋಟೊ ತೆಗೆಸಲು ನಿರ್ಧರಿಸಿದೆ. ಕೆಂಪು ನೀಲಿಯ ಮೇಲೆ ನಂಬರು ಕಾಣದು. ಅದಕ್ಕೇ ಅಂಟು ಬೆರೆಸಿದ ಸುಣ್ಣ ಬಳಿದು, ಅದರ ಮೇಲೆ ಕಪ್ಪಿನಲ್ಲಿ ಬರೆಯಿರಿ ಎಂದು ಟಿಪ್ಪಣಿ ಹಾಕಿದೆ. ಒಂದು ಪಟ್ಟಿ ಸಾಕೇ ಎಂದು ಕೆಲಸದವರು ಕೇಳಿದರು. ಅರ್ಧ ಬಿಳಿ ಅರ್ಧ ಕೆಂಪಾದರೆ ಫೋಟೊದಲ್ಲಿ ಕೆಟ್ಟದಾಗಿ ಕಾಣುತ್ತದೆ, ಪೂರ್ತಿ ಬಳಿಯಿರಿ ಅಂದೆ.

ಎರಡು ದಿನದಲ್ಲಿ ಮುಗಿಯಿತು. ಆ ವಾರ ಆಕೆ ಊರಲ್ಲಿರಲಿಲ್ಲ. ತಂಗಿಯ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು. ಭಾವ ಅಲ್ಲೇ ಇದ್ದರು. ಬಳಿಯುವುದನ್ನು ನಿಂತು ನೋಡಿದರು, ಏನೂ ಅನ್ನಲಿಲ್ಲ.

ಮೋಜಣಿಯ ದಿನ ಬೆಳಿಗ್ಗೆ ಆಕೆ ಬಸ್ಸಿಳಿದು ನೇರ ತೋಟಕ್ಕೆ ಬಂದಳು. ಕೈಯಲ್ಲಿ ಇನ್ನೂ ಊರಿನ ಚೀಲವಿತ್ತು. ಭೂಮಾಪಕರು ಹಿಡುವಳಿದಾರರ ಹೆಸರು ಕೂಗಿದ್ದರು, ಭಾವ ಮುಂದೆ ಬಂದು ನಿಂತಿದ್ದರು. ಆಕೆ ಮರಗಳನ್ನು ನೋಡಿದಳು. ಆ ಸಾಲಿನಿಂದ ಈ ಸಾಲಿಗೆ ಹೋಗಿ ನೋಡಿದಳು.

"ನನ್ನ ಗಿಡಾ ಎಲ್ಲಿ?"

ಯಾರಿಗೂ ಅರ್ಥವಾಗಲಿಲ್ಲ. ಆಕೆ ಹೇಳಿದ್ದು ಇಷ್ಟು: ಮಾವ ಬದುಕಿದ್ದಾಗ, ಬಾವಿ ತೋಡಿಸುವ ಯಾವುದೋ ಸರ್ಕಾರಿ ಯೋಜನೆಗೆ ಅನುಕೂಲವಾಗಲೆಂದು ತೋಟವನ್ನೆಲ್ಲ ಹಿರಿಯ ಮಗನ ಹೆಸರಿಗೆ ಬರೆಸಿದ್ದ. ಆದರೆ ಪಾಲು ಇಬ್ಬರಿಗೂ ಮಾಡಿದ್ದ, ಬಾಯಿಮಾತಿನಲ್ಲಿ. ನಡುವೆ ಬದು ಹಾಕಿದರೆ ಬಾವಿ ಒಬ್ಬನ ಕಡೆ ಹೋಗುತ್ತದೆ, ಆಳದ ಮಣ್ಣು ಒಬ್ಬನ ಕಡೆ ಹೋಗುತ್ತದೆ. ಅದಕ್ಕೇ ಸಾಲು ಬಿಟ್ಟು ಸಾಲು ಕೊಟ್ಟಿದ್ದ. ಹಿರಿಯವನ ಸಾಲಿಗೆ ಕೆಂಪು, ಕಿರಿಯವನ ಸಾಲಿಗೆ ನೀಲಿ. ಪ್ರತಿ ವರ್ಷ ಇಬ್ಬರೂ ತಮ್ಮ ತಮ್ಮ ಬಣ್ಣ ಬಳಿಯುವರು. ಆ ಬಣ್ಣವೇ ಅವರ ಪಾಲುಪತ್ರ.

ಭಾವ ನೆಲ ನೋಡುತ್ತ, "ಅದು ಮನಿ ಮಾತು. ಮನ್ಯಾಗ ಬಗಿಹರಿಸ್ಕೋತೀವಿ," ಅಂದರು.

"ಕಾಗದ ಇದೆಯೇ?" ಎಂದರು ಭೂಮಾಪಕರು.

ಆಕೆ ನನ್ನ ಕಡೆ ತಿರುಗಿದಳು. "ಕಾಗದ ಯಾಕ? ಈ ಸಾಹೇಬ್ರು ಇಷ್ಟ ದಿನಾ ಇಲ್ಲೇ ಕುಂತಿದ್ರು. ಅವ್ರನ್ನ ಕೇಳ್ರಿ."

ಎಲ್ಲರೂ ನನ್ನನ್ನು ನೋಡಿದರು. ಎರಡು ಬಣ್ಣ ಇದ್ದದ್ದು ನೆನಪಿದೆ, ಯಾವುದು ಯಾರದೆಂದು ನನಗೆ ತಿಳಿಯದು ಅಂದೆ. ಸುಳ್ಳಲ್ಲ. ಆದರೆ ಅದರಿಂದ ಆಕೆಗೆ ಮೂರು ಕಾಸಿನ ಉಪಯೋಗವಿರಲಿಲ್ಲ. ಪರೀಕ್ಷೆಯ ದಿನಗಳ ಫೋಟೊಗಳಿದ್ದವು. ಅವೆಲ್ಲ ಗುಡ್ಡದವು, ಉಪಕರಣದವು. ಡ್ರೋನು ತೆಗೆದ ಚಿತ್ರದಲ್ಲಿ ಬರೀ ಹಸಿರು ತಲೆಗಳು. ಭೂಮಾಪಕರು ಇದ್ದ ದಾಖಲೆಯಂತೆ ಒಂದೇ ಹೆಸರು ಬರೆದರು. ಭಾವ ಸಹಿ ಮಾಡಿದರು, ಪಂಚರು ಮಾಡಿದರು, ನಾನೂ ಮಾಡಿದೆ.

ಆಕೆ ಜಗಳವಾಡಲಿಲ್ಲ. ಹೋಗುವಾಗ ನನ್ನ ಹತ್ತಿರ ಒಂದು ಗಳಿಗೆ ನಿಂತಳು. "ದಿನಾ ನೋಡೀರಿ. ಕಂಡಿಲ್ಲೇನ್ರಿ?" ಅಂದಳು. ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಬೆಳಿಗ್ಗೆ ಅವಲಕ್ಕಿ ತಟ್ಟೆ ಮುಂದಿಟ್ಟುಕೊಂಡು ತಿನ್ನದೆ ಕೂತಿದ್ದೆ. ಹೆಂಡತಿ ಏನಾಯಿತೆಂದು ಕೇಳಿದಳು. ಹೇಳಿದೆ. ಅರ್ಧ ತೋಟ, ಆಕೆಯ ಇಪ್ಪತ್ತು ವರ್ಷದ ದುಡಿತ, ನನ್ನ ಒಂದು ಬಕೆಟ್ ಸುಣ್ಣದಲ್ಲಿ ಅಳಿಸಿಹೋಯಿತು ಅಂದೆ. ಅವಳಿಗೆ ನನ್ನ ದುಃಖಕ್ಕಿಂತ ನನ್ನ ಪೆದ್ದುತನ ದೊಡ್ಡದಾಗಿ ಕಂಡಿತು.

"ಸುಣ್ಣದ ಕೆಳಗಿನ ಬಣ್ಣ ಎಲ್ಲಿ ಓಡಿ ಹೋಕ್ಕೈತ್ರಿ? ನಮ್ಮ ಕ್ವಾರ್ಟರ್ಸ್ ಗ್ವಾಡಿ ಕೆರದಾಗ ಮೊದಲಿನವರ ಹಸರ ಬಣ್ಣ ಬಂದಿದ್ದಿಲ್ಲೇನು? ಜಲ್ದಿ ಹೋಗಿ ಕೆರೀರಿ, ಮಳಿ ಬರೂದ್ರಾಗ."

ಕೆರೆಯುವುದು ಸುಲಭ. ಯಾರ ಎದುರಿಗೆ ಕೆರೆಯುತ್ತೇವೆ ಎಂಬುದು ಮುಖ್ಯ. ನಾನೊಬ್ಬನೇ ಹೋಗಿ ಕೆರೆದರೆ ಅದು ಸಾಕ್ಷಿಯಾಗುವುದಿಲ್ಲ. ಮತ್ತೆ ಜಂಟಿ ಮೋಜಣಿ ಆಗಬೇಕು; ಆಗಬೇಕಾದರೆ ಸಹಿಯಾದ ಮೋಜಣಿ ತಪ್ಪೆಂದು ನಮ್ಮ ಕಚೇರಿಯೇ ಬರೆದು ಕೊಡಬೇಕು. ರಿಜಿಸ್ಟ್ರಾರರ ಬಳಿ ಹೋದೆ. ಅವರು ಹಿಂದಿ ಮರಾಠಿ ಬೆರೆಸಿ, ಯಾವಾಗಲೂ ಅವಸರದಲ್ಲಿ ಮಾತಾಡುವವರು. ಕೆಟ್ಟವರಲ್ಲ.

"ಕಾಗದ ಬರೋಬರ್ ಇದೆ. ಹೆಸರಿದ್ದವರು ಸಹಿ ಹಾಕಿದ್ದಾರೆ. ಅವರ ಮನೆಯ ಜಗಳಕ್ಕೂ ನಮಗೂ ಏನು ಸಂಬಂಧ?" ಅಂದರು. "ಮಾರ್ಚ್ ಒಳಗೆ ಜಮೀನು ನಮ್ಮ ಕೈಯಲ್ಲಿದೆ ಎಂದು ತೋರಿಸದಿದ್ದರೆ ಅನುದಾನ ವಾಪಸ್ಸು. ನಿಮಗೆ ಗೊತ್ತಿದೆ."

ಗೊತ್ತಿತ್ತು. ಕಾಯಿದೆಯ ಪ್ರಕಾರ ಅವರ ಮಾತು ಸರಿಯಾಗಿಯೇ ಇತ್ತು. ನಾನು ಸುಮ್ಮನಿದ್ದಿದ್ದರೆ ಯಾವ ಆಡಿಟ್ಟೂ ನನ್ನನ್ನು ಕೇಳುತ್ತಿರಲಿಲ್ಲ. ಮೂವತ್ತು ವರ್ಷ ಫೈಲುಗಳಲ್ಲಿ ಬೇರೆಯವರ ತಪ್ಪು ಬರೆದು ಅಭ್ಯಾಸವಿತ್ತು, ನನ್ನದನ್ನು ಬರೆದು ಇರಲಿಲ್ಲ. ಎರಡು ದಿನ ಫೈಲು ಮೇಜಿನ ಮೇಲೆ ಇಟ್ಟುಕೊಂಡು ಕೂತೆ. ಮೇಲಕ್ಕೆ ಕಳಿಸಿದರೆ ಮುಗಿಯಿತು. ಪ್ರತಿ ಸಲ ದಾರ ಕಟ್ಟುವಾಗ ಆಕೆಯ "ಕಂಡಿಲ್ಲೇನ್ರಿ" ಅಡ್ಡ ಬರುತ್ತಿತ್ತು. ಮೂರನೆಯ ದಿನ ಬರೆದೆ: ತೋಟದ ಪಾಲಿನ ಗುರುತುಗಳು ಈ ಕಚೇರಿಯ ಕ್ರಮದಿಂದ, ನನ್ನ ಆದೇಶದ ಮೇರೆಗೆ, ಮರೆಯಾಗಿವೆ; ಪಂಚರ ಸಮಕ್ಷಮ ಅವನ್ನು ಬಯಲಿಗೆ ತಂದು ಮರು ಮೋಜಣಿ ಮಾಡುವುದು ಅವಶ್ಯ.

ರಿಜಿಸ್ಟ್ರಾರರು ಓದಿ ಕನ್ನಡಕ ತೆಗೆದರು. "ಇದನ್ನು ಬರೆದರೆ ನಿಮ್ಮ ಮೇಲೇ ಬರುತ್ತದೆ. ಪಿಂಚಣಿಯ ಹೊತ್ತು."

"ಬರಲಿ ಸಾಹೇಬರೇ. ಸುಣ್ಣ ನನ್ನದೇ," ಅಂದೆ. ಧೈರ್ಯದಿಂದ ಅಂದದ್ದಲ್ಲ. ಅಷ್ಟು ಹೊತ್ತಿಗೆ ನಾನು ದಣಿದುಹೋಗಿದ್ದೆ, ಸುಳ್ಳನ್ನು ಹೊತ್ತು ತಿರುಗಲು ಬೇಕಾದ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಮರು ಮೋಜಣಿಗೆ ದಿನಾಂಕ ಸಿಗಲು ಏಳು ವಾರ ಹಿಡಿಯಿತು. ಪಟವಾರಿಗೆ ಚುನಾವಣೆ ಕೆಲಸ, ಭೂಮಾಪಕರಿಗೆ ಬೇರೆ ತಾಲೂಕು. ನಡುವೆ ಒಂದು ಅಕಾಲ ಮಳೆ ಬಂದಾಗ ಕಚೇರಿಯ ಕಿಟಕಿಯಲ್ಲಿ ನಿಂತು ಸುಣ್ಣದ ಜೊತೆ ಬಣ್ಣವೂ ತೊಳೆದು ಹೋಗುತ್ತದೇನೋ ಎಂದು ಜೀವ ಕೈಯಲ್ಲಿ ಹಿಡಿದಿದ್ದೆ.

ಕೊನೆಗೆ ಒಂದು ಬೆಳಿಗ್ಗೆ ಎಲ್ಲರೂ ತೋಟದಲ್ಲಿ ಸೇರಿದೆವು. ಭೂಮಾಪಕರು, ಪಟವಾರಿ, ಇಬ್ಬರು ಪಂಚರು, ಭಾವ, ಆಕೆ, ನಾನು. ಕೆರೆಯಲು ಕಳೆ ತೆಗೆಯುವ ಖುರಪಿ. ತೊಗಟೆಗೆ ಗಾಯವಾದರೆ ಮರಕ್ಕೆ ರೋಗ ಹತ್ತುತ್ತದೆ, ಹಗುರಾಗಿ ಕೆರೆಯಿರಿ ಎಂದು ಆಕೆ ಪ್ರತಿ ಮರದ ಬಳಿಯೂ ಹೇಳುತ್ತಿದ್ದಳು. ಮೊದಲ ಸಾಲಿನ ಮೊದಲ ಮರವನ್ನು ನಾನೇ ಕೆರೆದೆ. ಸುಣ್ಣ ಹಕ್ಕಳೆಯಾಗಿ ಉದುರಿತು. ಕೆಳಗೆ ಕೆಂಪು. ಎರಡನೆಯ ಸಾಲಿಗೆ ಹೋದೆ. ಕೆಳಗೆ ನೀಲಿ. ನನಗೆ ಕಣ್ಣು ತುಂಬಿ ಬಂತು. ತಲೆ ಬಗ್ಗಿಸಿಕೊಂಡು ಇನ್ನಷ್ಟು ಕೆರೆದೆ.

"ಎರಡ ಗಿಡಾ ನೋಡಿ ಏನ್ ತಿಳೀತೈತಿ?" ಅಂದರು ಭಾವ. "ಔಷಧ ಖಾಲಿ ಆದಾಗ ಒಮ್ಮೊಮ್ಮೆ ಬ್ಯಾರೇದು ಹಚ್ಚೇವಿ. ಎಲ್ಲಾ ಕೆರೀರಿ."

ಎಲ್ಲ ಕೆರೆದೆವು. ಪ್ರತಿ ಮರಕ್ಕೂ ಅಂಗೈಯಗಲ. ಭೂಮಾಪಕರು ನಂಬರು ಕೂಗುವರು, ನಾನು ಬಣ್ಣ ಕೂಗುವೆ, ಪಟವಾರಿ ಬರೆದುಕೊಳ್ಳುವರು. ಬಿಸಿಲೇರಿತು. ಬಗ್ಗಿ ಏಳುವಾಗ ಮೊಣಕಾಲು ಒಳಗಿನಿಂದ ಕಿರುಗುಟ್ಟುತ್ತಿತ್ತು. ಕೆಂಪು, ಕೆಂಪು, ಕೆಂಪು. ನೀಲಿ, ನೀಲಿ. ಏಳನೆಯ ಸಾಲಿನವರೆಗೆ ಒಂದೂ ತಪ್ಪಲಿಲ್ಲ. ಎಂಟನೆಯದು ನೀಲಿ ಸಾಲು. ಅದರ ನಡುವಿನ ಒಂದು ಮರ ಕೆರೆದಾಗ ಕೆಂಪು ಬಂತು.

ಬಣ್ಣ ಕೂಗುವ ಮೊದಲು ಇನ್ನೊಂದು ಕಡೆ ಕೆರೆದು ನೋಡಿದೆ. ಅಲ್ಲೂ ಕೆಂಪೇ. ಭೂಮಾಪಕರು ಪೆನ್ನು ಎತ್ತಿದರು. ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ಆಕೆ ಮಾತ್ರ ಗಾಬರಿಯಾಗಲಿಲ್ಲ. "ಅದು ಭಾವಾರ್ದ. ನಮ್ಮ ಯಜಮಾನ್ರು ಇದ್ದಾಗ ಅದಲಾ ಬದಲಿ ಆಗೇತಿ. ಈ ಗಿಡದ ಹಣ್ಣು ಭಾವಾರ ಮನಿಯಾಕಿಗೆ ಭಾಳ ಸೇರ್ತಿದ್ವು, ಬಸರಿದ್ದಾಗ ದಿನಾ ಇಲ್ಲೇ ಬಂದು ಕುಂದರ್ತಿದ್ರು. ಅದಕ್ಕ ಕೊಟ್ವಿ. ಬದಲಿಗೆ ಅವ್ರು ಬಾವಿ ಬಾಜೂದ್ದು ಕೊಟ್ರು. ಹನ್ನೊಂದನೇ ಸಾಲು, ಬಾವಿಯಿಂದ ಎರಡನೇದು. ಹೋಗಿ ಕೆರೀರಿ."

ಭೂಮಾಪಕರು ಈ ಸಲ ಖುರಪಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಹೋದರು. ಹನ್ನೊಂದನೆಯ ಸಾಲು ಕೆಂಪಿನದು. ಬಾವಿಯಿಂದ ಮೊದಲ ಮರ ಕೆರೆದರು: ಕೆಂಪು. ಎರಡನೆಯದು ಕೆರೆದರು. ನೀಲಿ. ಮೂರನೆಯದು ಕೆಂಪು. ಅವರು ಮತ್ತೆ ಎರಡನೆಯದರ ಬಳಿ ಬಂದು ಆ ನೀಲಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

ಭಾವ ಬಾವಿಯ ಕಟ್ಟೆಯ ಮೇಲೆ ಕೂತರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಯಾರನ್ನೂ ನೋಡದೆ, "ಬರಕೊಳ್ರಿ," ಅಂದರು. "ಅರ್ಧಾ ಅರ್ಧಾ. ಇಬ್ಬರ ಹೆಸರೂ ಬರಕೊಳ್ರಿ."

ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೇ ಇಳಿಯಿತು. ಸುಣ್ಣ ಬಳಿಯುವಾಗ ಅವರು ಸುಮ್ಮನೆ ನಿಂತು ನೋಡಿದ್ದರು, ನಿಜ. ಆದರೆ ಸುಣ್ಣ ತಂದವನು ನಾನು.

ಆ ಹೇಳಿಕೆಯ ಮೇಲೆ ತಹಸೀಲ್ದಾರರ ಆದೇಶವಾಗಿ, ಸಾತಬಾರಾದಲ್ಲಿ ಆಕೆಯ ಹೆಸರು ಸೇರಲು ಮತ್ತೆ ಏಳೆಂಟು ತಿಂಗಳು ಹಿಡಿಯಿತು. ಮಾರ್ಚ್ ಬಂದು ಹೋಯಿತು. ರಿಜಿಸ್ಟ್ರಾರರು ಬೈಯುತ್ತಲೇ ಅನುದಾನಕ್ಕೆ ಒಂದು ವರ್ಷದ ಗಡುವು ಕೇಳಿ ಪಡೆದರು, ನನಗೆ ಕಾರಣ ಕೇಳುವ ನೋಟಿಸನ್ನೂ ಕೊಟ್ಟರು. ಉತ್ತರ ಬರೆದೆ. ಅದಿನ್ನೂ ನನ್ನ ಸೇವಾ ಪುಸ್ತಕದಲ್ಲಿದೆ. ಪ್ರೊಫೆಸರು ಮಾತ್ರ ಒಮ್ಮೆ ಕ್ಯಾಂಟೀನಿನಲ್ಲಿ, "ಸಾರ್, ನಾನು ಕೇಳಿದ್ದು ಜಾಗ. ನೀವು ಒಂದು ಹೆಸರು ತಂದ್ಕೊಟ್ರಿ," ಎಂದರು. ನಗುತ್ತಲೇ ಅಂದರು, ಆದರೆ ಅವರೂ ಸೋತಿದ್ದರು. ಹೊಸ ಉಪಕರಣ ಪೆಟ್ಟಿಗೆಯೊಳಗೇ ಒಂದು ವರ್ಷ ಮಲಗಿತ್ತು.

ಹೆಸರು ಸೇರಿದ ಸಾತಬಾರಾ ಕೈಗೆ ಬಂದ ದಿನ ಅದನ್ನೂ ಒಂದು ಹೊಸ ಸಮ್ಮತಿ ಪತ್ರವನ್ನೂ ಹಿಡಿದುಕೊಂಡು ಹಳ್ಳಿಗೆ ಹೋದೆ. ಈಗ ಇಬ್ಬರು ಹಿಡುವಳಿದಾರರು. ಇಬ್ಬರೂ ಒಪ್ಪಿದರೆ ಮಾತ್ರ ಕೊಳ್ಳಬಹುದು. ಇಷ್ಟೆಲ್ಲ ಮಾಡಿಕೊಟ್ಟಿದ್ದೇನೆ, ಸಹಿ ಹಾಕಿಯೇ ಹಾಕುತ್ತಾಳೆ ಎಂಬ ಒಂದು ಲೆಕ್ಕ ನನ್ನ ಮನಸ್ಸಿನಲ್ಲಿ ಇದ್ದೇ ಇತ್ತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಇತ್ತು.

ಮಳೆಗಾಲ ಹತ್ತಿರ ಬಂದಿತ್ತು, ಬಣ್ಣ ಬಳಿಯುವ ಹೊತ್ತು. ಆಕೆ ಬಕೆಟ್ಟಿನಲ್ಲಿ ನೀಲಿ ಕಲಸಿಕೊಂಡು ಒಬ್ಬಳೇ ತನ್ನ ಸಾಲಿನಲ್ಲಿ ಬಳಿಯುತ್ತಿದ್ದಳು. ನಮ್ಮ ಸುಣ್ಣ, ನಮ್ಮ ಕಪ್ಪು ನಂಬರು ಒಂದೊಂದಾಗಿ ಮುಚ್ಚಿಹೋಗುತ್ತಿದ್ದವು. ಪಕ್ಕದ ಸಾಲುಗಳಿಗೆ ಆಗಲೇ ಕೆಂಪು ಬಂದಿತ್ತು. ಭಾವ ದೂರದಿಂದ ನನ್ನನ್ನು ನೋಡಿ ಮುಖ ತಿರುಗಿಸಿಕೊಂಡು ಹೋದರು.

"ಕಬ್ಬಣದ ಸಾಹೇಬ್ರು ಬಂದ್ರು," ಅಂದಳು. ಎಷ್ಟೋ ತಿಂಗಳ ಮೇಲೆ ಆ ಮಾತು ಕೇಳಿದ್ದು.

ಸಾತಬಾರಾ ಚಾಚಿದೆ. ಎರಡೂ ಅಂಗೈ ನೀಲಿ, ಮುಟ್ಟಲಿಲ್ಲ. "ನೀವ ಓದ್ರಿ," ಅಂದಳು. ಓದಿದೆ. ಸರ್ವೆ ನಂಬರು, ವಿಸ್ತೀರ್ಣ, ಮೊದಲು ಭಾವನ ಹೆಸರು, ಅದರ ಕೆಳಗೆ ಆಕೆಯ ಹೆಸರು, ಗಂಡನ ಹೆಸರು, ಅರ್ಧ ಹಿಸ್ಸೆ. ನನ್ನ ಮೊಣಕೈಯ ಹತ್ತಿರ ಬಂದು ಕಾಗದದೊಳಗೆ ಬಗ್ಗಿ ನೋಡಿದಳು.

"ಇನ್ನೊಮ್ಮೆ ಓದ್ರಿ. ನನ್ನ ಹೆಸರಷ್ಟ."

ಓದಿದೆ. ಆಮೇಲೆ ಸಮ್ಮತಿ ಪತ್ರ ತೆಗೆದೆ. ಅದರಲ್ಲೇನಿದೆ ಎಂದು ವಿವರಿಸಿದೆ. ಆಕೆ ಕೊನೆಯವರೆಗೂ ಕೇಳಿದಳು.

"ಸಾಹೇಬ್ರ, ಸಿಟ್ಟ ಮಾಡ್ಕೋಬ್ಯಾಡ್ರಿ," ಅಂದಳು. "ಇಪ್ಪತ್ತ ವರ್ಷ ಕಾಗದದಾಗ ನಂದಲ್ಲದ ಹೊಲಾ ಮಾಡೀನಿ. ಈಗ ನಂದಾಗೇತಿ. ನಂದಾದ ಹೊಲಾ ಒಂದ್ ಸಲಾನಾದ್ರೂ ಮಾಡಿ ನೋಡಬೇಕಲ್ರಿ."

ಭಾವನಿಗೆ ಮಾರುವ ಆಸೆಯಿತ್ತು, ಅದು ಮುರಿಯಿತು. ಸಾಲು ಬಿಟ್ಟು ಸಾಲು ಕೊಳ್ಳಲು ಬರುವುದಿಲ್ಲ. ಆಕೆ ಇಲ್ಲ ಅಂದರೆ ಇಡೀ ತೋಟವೇ ನಕ್ಷೆಯಿಂದ ಹೊರಗೆ. ಕೇಂದ್ರದ ಕಟ್ಟಡ ಗುಡ್ಡದ ಮೇಲಕ್ಕೆ ಸರಿಯಬೇಕು, ಬಂಡೆ ಒಡೆದು ಗುಂಡಿ ತೆಗೆಯಬೇಕು, ಹೊಸ ನಕ್ಷೆ, ಹೊಸ ಟಿಪ್ಪಣಿ, ರಿಜಿಸ್ಟ್ರಾರರ ಕೋಣೆಯಲ್ಲಿ ಇನ್ನೊಮ್ಮೆ ನಿಲ್ಲಬೇಕು. ಮುಂದೆ ಅದೆಲ್ಲ ಆಯಿತು, ಕೇಂದ್ರವೂ ಆ ಗುಡ್ಡದ ಮೇಲೆಯೇ ಆಯಿತು. ಕಿತ್ತಳೆ ಮರದಲ್ಲಿ ಕಬ್ಬಿಣವಿಲ್ಲ, ಪಕ್ಕದಲ್ಲಿದ್ದರೆ ಇರಲಿ ಎಂದು ಪ್ರೊಫೆಸರೇ ಒಪ್ಪಿದರು. ಆದರೆ ಆ ಗಳಿಗೆಯಲ್ಲಿ ನನಗೆ ಮುಂದಿನ ಓಡಾಟವಷ್ಟೇ ಕಂಡಿತ್ತು. ಸಿಟ್ಟು ಬರುತ್ತದೇನೋ ಎಂದು ಕಾದೆ. ಬರಲಿಲ್ಲ.

ಫೈಲು ತೊಡೆಯ ಮೇಲಿಟ್ಟುಕೊಂಡು, ಸಹಿಯ ಜಾಗದಲ್ಲಿ "ಸಮ್ಮತಿ ಇಲ್ಲ" ಎಂದು ಮರಾಠಿಯಲ್ಲಿ ಬರೆದು ತಾರೀಖು ಹಾಕಿದೆ. ಆಕೆ ಕೈ ತೊಳೆದು ಬಂದು, ನಿಧಾನವಾಗಿ, ಅಕ್ಷರ ಅಕ್ಷರ ಜೋಡಿಸಿ, ಕೆಳಗೆ ತನ್ನ ಪೂರ್ತಿ ಹೆಸರು ಬರೆದಳು.

ಫೈಲು ಕಟ್ಟಿ ಎದ್ದೆ. ನನ್ನ ಎದುರಿಗಿದ್ದ ನೀಲಿ ಸಾಲಿನ ಮರದ ಮೇಲೆ ನಮ್ಮ ಕಪ್ಪು ನಂಬರು ಇನ್ನೂ ಹಾಗೇ ಇತ್ತು. ಅಂಗಿಯ ತೋಳು ಮೇಲಕ್ಕೆ ಮಡಚಿದೆ.

"ಆ ಬ್ರಷ್ ಇತ್ತ ಕೊಡ್ರಿ ತಾಯಿ," ಅಂದೆ.